ಹೂಂಗುಟ್ಟಿ ಬೇಡ ಅಂದದ್ದು

ನಮ್ಮ ಮೇಷ್ಟ್ರು ಸರ್ವೀಸಿನುದ್ದಕ್ಕೂ ಪಾಠ ಮಾಡಿದ್ದು ಒಂದೇ ವಿಷಯ ಅಂತ ನಾವು ಶಿಷ್ಯರೆಲ್ಲ ತಮಾಷೆ ಮಾಡುತ್ತಿದ್ದೆವು. ಕಾಲೇಜಿನ ತತ್ವಶಾಸ್ತ್ರ ವಿಭಾಗದ ವೇಳಾಪಟ್ಟಿಯಲ್ಲಿ ತರ್ಕ, ನೀತಿ, ಜ್ಞಾನಮೀಮಾಂಸೆ ಅಂತ ಏನೇನೋ ಇರುತ್ತಿತ್ತು. ಮೇಷ್ಟ್ರು ಎಲ್ಲಿಂದ ಹೊರಟರೂ ಸುತ್ತಿ ಬಳಸಿ ಮನುಷ್ಯನ ಸ್ವಾತಂತ್ರ್ಯಕ್ಕೇ ಬಂದು ನಿಲ್ಲುತ್ತಿದ್ದರು. ಪಶ್ಚಿಮದವರು ಈ ಒಂದು ಮಾತಿನ ಹಿಂದೆ ಬಿದ್ದ ಕಥೆಯನ್ನು ಅವರು ಹೇಳುವಾಗ ಕೊನೆಯ ಬೆಂಚಿನವರೂ ಕಿಟಕಿ ನೋಡುವುದನ್ನು ಬಿಡುತ್ತಿದ್ದರು. ಮೊದಲು, ಯಾರ ಗುಲಾಮನೂ ಅಲ್ಲದವನು ಸ್ವತಂತ್ರ ಅಂದರು. ಆಮೇಲೆ, ಕಾಲಿಗೆ ಸಂಕೋಲೆ ಇದ್ದರೂ ಮನಸ್ಸಿಗೆ ಇರಬೇಕಾಗಿಲ್ಲ ಅಂದರು. ಅಷ್ಟರಲ್ಲಿ ಕ್ರೈಸ್ತರು ಬಂದು, ಎಲ್ಲವನ್ನೂ ಮೊದಲೇ ಬಲ್ಲ ದೇವರಿದ್ದೂ ಮನುಷ್ಯ ಹೇಗೆ ಸ್ವತಂತ್ರ ಅಂತ ಒಂದು ಗಂಟು ಹಾಕಿದರು. ಆ ಗಂಟು ಬಿಚ್ಚಲು ಕೂತವರು ಎಷ್ಟೋ ತಲೆಮಾರಿನ ನಂತರ, ತನಗೆ ತಾನೇ ಕಟ್ಟಳೆ ಹಾಕಿಕೊಂಡವನೇ ನಿಜವಾದ ಸ್ವತಂತ್ರ ಅಂದರು. ಇದನ್ನೆಲ್ಲ ಹೇಳಿ ಮೇಷ್ಟ್ರು ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಾ, “ನಾನು ಹೇಳಿದೆ ಅಂತ ನಂಬಬೇಡಿ, ನಂಬಿದರೆ ನಾನು ಇಷ್ಟು ಹೊತ್ತು ಹೇಳಿದ್ದು ದಂಡ,” ಅನ್ನುತ್ತಿದ್ದರು.

ನಾನು ಮೊದಲು ಅವರ ಶಿಷ್ಯ, ಆಮೇಲೆ ಪಕ್ಕದ ಕೋಣೆಯಲ್ಲಿ ಅದೇ ವಿಭಾಗದಲ್ಲಿ ಪಾಠ ಮಾಡುವವನು. ಅವರ ಮನೆಗೆ ಹೋಗಿ ಬರುವ ಬಳಕೆ ಇತ್ತು. ಈಗ ಹೇಳುವುದರಲ್ಲಿ ಕೆಲವನ್ನು ನಾನೇ ಕಣ್ಣಾರೆ ಕಂಡೆ, ಮಿಕ್ಕಿದ್ದು ಅವರ ಮನೆಯವರ ಬಾಯಿಂದ ಕೇಳಿದ್ದು.

ಅವರ ಹೆಂಡತಿಗೆ ಆಸ್ಪತ್ರೆ ರಸ್ತೆಯಲ್ಲಿ ಒಂದು ಔಷಧಿ ಅಂಗಡಿ. ಆಕೆ ಪ್ರತಿ ಭಾನುವಾರ ಚರ್ಚಿಗೆ ಹೋಗುವವರು. ಮೇಷ್ಟ್ರು ಹುಟ್ಟಿದ್ದೂ ಕ್ರೈಸ್ತರ ಮನೆಯಲ್ಲೇ. ಆದರೆ ಮೀಸೆ ಮೂಡುವ ವಯಸ್ಸಿಗೇ ದೇವರ ಸಹವಾಸ ಬಿಟ್ಟಿದ್ದರು. ಹಾಗಂತ ಮನೆಯಲ್ಲಿ ಜಗಳವಿರಲಿಲ್ಲ. ಹೆಂಡತಿಯನ್ನು ಚರ್ಚಿನ ಬಾಗಿಲವರೆಗೆ ಬಿಟ್ಟು, ತಾವು ಹೊರಗಿನ ಕಲ್ಲುಬೆಂಚಿನ ಮೇಲೆ ಪೇಪರ್ ಓದುತ್ತಾ ಕೂರುತ್ತಿದ್ದರು. ಆಕೆ ಹೊರಗೆ ಬಂದಾಗ, “ಏನಂದ ನಿಮ್ಮ ದೇವರು?” ಅಂತ ಕೇಳುವರು. “ನಿಮ್ಮನ್ನೇ ಕೇಳ್ತಿದ್ದ,” ಅಂತ ಆಕೆ ಹೇಳುವರು. ಇಬ್ಬರೂ ತರಕಾರಿ ಕೊಂಡು ಮನೆಗೆ ಬರುವರು.

ಅವರಿಗೆ ಒಬ್ಬಳೇ ಮಗಳು. ಅವಳಿಗೆ ಸೋದರಮಾವ ಇಟ್ಟ ಹೆಸರು ಹೂಂಗುಟ್ಟಿ. ಏನು ಕೇಳಿದರೂ ಹೂಂ. ಮಲಗ್ತೀಯಾ? ಹೂಂ. ಇನ್ನೂ ಸ್ವಲ್ಪ ಹೊತ್ತು ಎದ್ದಿರ್ತೀಯಾ? ಹೂಂ. “ಇವಳನ್ನ ಯಾವತ್ತೂ ಕೋರ್ಟಿನ ಕಟಕಟೆ ಹತ್ತಿಸಬೇಡಿ ಭಾವ. ಕೊಲೆ ಮಾಡಿದ್ದು ನೀನೇನಾ ಅಂದ್ರೂ ಹೂಂ ಅಂದುಬಿಡ್ತಾಳೆ,” ಅಂತ ಮಾವ ನಗಿಸುತ್ತಿದ್ದ. ಹೆಸರು ಅಂಟಿಕೊಂಡಿತು. ಹುಡುಗಿ ಬೆಳೆದು, ಓದಿ, ಕೆಲಸಕ್ಕೆ ಸೇರಿದರೂ ಮನೆಯಲ್ಲಿ ಹೂಂಗುಟ್ಟಿಯೇ.

ಅವಳ ಕೆಲಸ ಕಾಲು ಮಾಡುವುದು. ಆಸ್ಪತ್ರೆಯ ಹಿಂಭಾಗದಲ್ಲಿ ಕೃತಕ ಕಾಲುಗಳ ಕಾರ್ಯಾಗಾರವಿತ್ತು. ಉದ್ದನೆಯ ಕೋಣೆ, ತಲೆಯ ಮೇಲೆ ಪಾದಗಳು ಸಾಲಾಗಿ ಕೂತ ಹಲಗೆಗಳು, ನೆಲದ ಮೇಲೆ ಸದಾ ಬಿಳಿ ಪುಡಿ. ಕಾಲು ಕಳೆದುಕೊಂಡವರು ಬಂದರೆ ಉಳಿದ ಮೋಟುಗಾಲಿಗೆ, ಮುರಿದ ಕೈಗೆ ಹಾಕುವ ಪ್ಲಾಸ್ಟರ್ ಪಟ್ಟಿಯಂಥ ಒದ್ದೆ ಗಾರೆಬಟ್ಟೆ ಸುತ್ತಿ ಅಚ್ಚು ತೆಗೆಯಬೇಕು. ಆ ಅಚ್ಚಿಗೆ ಗಾರೆ ತುಂಬಿ ಮೋಟಿನ ಪಡಿಯಚ್ಚು ಎರಕ ಹೊಯ್ಯಬೇಕು. ಎಲ್ಲಿ ಭಾರ ಹೊರಬಲ್ಲದೋ ಅಲ್ಲಿ ಹೆರೆದು, ಎಲ್ಲಿ ನೋಯುತ್ತದೋ ಅಲ್ಲಿ ಗಾರೆ ಮೆತ್ತಿ, ಅದರ ಮೇಲೆ ಮೋಟು ಕೂರುವ ಬಟ್ಟಲಿನಂಥ ಗೂಡು ಕಟ್ಟಬೇಕು. ಗೂಡು ಒಂದು ಕೂದಲೆಳೆ ತಪ್ಪಿದರೂ ಹಾಕಿಕೊಂಡವನು ಸಂಜೆಯ ಹೊತ್ತಿಗೆ ರಕ್ತ ತೋರಿಸಿಕೊಂಡು ಬರುತ್ತಾನೆ. ಈ ಕೆಲಸವನ್ನು ಆರಿಸಿದ್ದೂ ಮೇಷ್ಟ್ರೇ. “ಕೈಗೂ ತಲೆಗೂ ಕೆಲಸ ಇರೋ ವಿದ್ಯೆ ಕಲಿ,” ಅಂದಿದ್ದರು. ಹೂಂ ಅಂದಿದ್ದಳು. ಕಲಿತ ಮೇಲೆ ಅದು ಅವಳಿಗೆ ಹಿಡಿಸಿಯೂ ಹಿಡಿಸಿತು.

ಒಂದು ಭಾನುವಾರ ಮಧ್ಯಾಹ್ನ ಊಟದ ತಟ್ಟೆಗಳನ್ನು ಒಟ್ಟು ಮಾಡುತ್ತಾ ಅವಳು, “ಅಪ್ಪ, ನಾನು ಕನ್ಯಾಮಠಕ್ಕೆ ಸೇರಬೇಕು ಅಂತಿದ್ದೀನಿ. ಅಲ್ಲಿನ ಮುಖ್ಯಸ್ಥೆ ಮದರ್ ಹತ್ರ ಕೇಳಿದ್ದೀನಿ. ಅವರಿನ್ನೂ ಏನೂ ಹೇಳಿಲ್ಲ,” ಅಂದಳು.

ಅವಳು ಹೇಳಿದ ಮಠ ನಮ್ಮ ಊರಿನ ಅಂಚಿನಲ್ಲೇ ಇತ್ತು. ಒಮ್ಮೆ ಒಳಗೆ ಹೋದ ಸಿಸ್ಟರ್‌ಗಳು ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ. ಪ್ರಾರ್ಥನೆ, ಮೌನ, ಮತ್ತೆ ಹೊಟ್ಟೆಪಾಡಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ. ಒಗೆದ ಹೊದಿಕೆಗಳನ್ನು ತರಲು ಆಸ್ಪತ್ರೆಯ ವ್ಯಾನಿನ ಜೊತೆ ಹೋದಾಗ ಹೂಂಗುಟ್ಟಿ ಆ ಜಾಗವನ್ನು ಮೊದಲು ನೋಡಿದ್ದು.

ಮೇಷ್ಟ್ರು ಮೊದಲು ನಕ್ಕರು. ಅದು ತಮಾಷೆಯಲ್ಲ ಅಂತ ಗೊತ್ತಾದ ಮೇಲೆ ಕುರ್ಚಿ ಎಳೆದು ಕೂತು ವಾದ ಶುರು ಮಾಡಿದರು. ಮನುಷ್ಯನಿಗಿರುವ ಒಂದೇ ದೊಡ್ಡ ಆಸ್ತಿ ಅವನ ಸ್ವಾತಂತ್ರ್ಯ, ಅದನ್ನು ಯಾರದ್ದೋ ಕೈಗೆ ಕೊಟ್ಟು ‘ನನ್ನ ಪರವಾಗಿ ನೀವೇ ಯೋಚಿಸಿ’ ಅನ್ನುವುದು ಹೇಡಿತನ, ಇದು ಬದುಕಿನಿಂದ ಓಡಿಹೋಗುವ ದಾರಿ ಅಂತೆಲ್ಲ ಹೇಳಿದರು. ಮಗಳು ಪ್ರತಿಯೊಂದಕ್ಕೂ, “ಹೂಂ, ಅದೂ ಇರಬಹುದು,” ಅಂದಳು. ಗೋಡೆಗೆ ಗುದ್ದಿದ್ದರೆ ಕೈಯಾದರೂ ನೋಯುತ್ತಿತ್ತು, ಇದು ಹತ್ತಿಮೂಟೆಗೆ ಗುದ್ದಿದ ಹಾಗಾಯಿತು ಅಂತ ಮರುದಿನ ನನ್ನ ಹತ್ತಿರ ಹೇಳಿದರು.

ಅದೇ ವಾರ ಅವರು ಕೋಪ ಕಟ್ಟಿಕೊಂಡು ಮಠಕ್ಕೆ ಹೋದರು.

ಮದರ್ ಅವರನ್ನು ಭೇಟಿಗೆಂದೇ ಇರುವ ಮುಂಗೋಣೆಯಲ್ಲಿ ಕಂಡರು. ದಪ್ಪಗೆ, ಗಿಡ್ಡಗೆ, ನಿಲುವಂಗಿಯ ತೋಳು ಮೇಲಕ್ಕೆ ಮಡಿಸಿದ ಹೆಂಗಸು. ಇಸ್ತ್ರಿ ಯಂತ್ರದ ಹಬೆಗೆ ಮುಖ ಕೆಂಪಗಾಗಿತ್ತು. ಮಠಕ್ಕೆ ಬರುವ ಮೊದಲು ಆಕೆ ವಕೀಲರಾಗಿದ್ದರಂತೆ, ಅದೂ ಪಾಟೀಸವಾಲಿಗೆ ಹೆಸರಾದ ವಕೀಲರು. ಮೇಷ್ಟ್ರಿಗೆ ಅದು ಆಮೇಲೆ ಗೊತ್ತಾಯಿತು.

ಮೇಷ್ಟ್ರು ಕೂರುವ ಮೊದಲೇ ಶುರು ಮಾಡಿದರು. “ನನ್ನ ಮಗಳ ತಲೆಯಲ್ಲಿ ಇದನ್ನ ತುಂಬಿದ್ದು ಯಾರು?”

“ನಾನಂತೂ ಅಲ್ಲ. ನಾಳೆ ಅವಳಿಗೆ ಆಗಲ್ಲ ಅಂತ ಹೇಳೋಳಿದ್ದೀನಿ,” ಅಂದರು ಮದರ್. “ನೀವು ಒಂದು ದಿನ ತಡ ಮಾಡಿದ್ದಿದ್ರೆ ಈ ಬಿಸಿಲಲ್ಲಿ ಬರೋ ಕಷ್ಟ ತಪ್ಪೋದು.”

ಮೇಷ್ಟ್ರು ಕೂತರು. “ಯಾಕೆ ಆಗಲ್ಲ?” ಅಂತ ಕೇಳಿದರು. ಕೇಳಿದ ಮೇಲೆ, ಮಗಳನ್ನು ಯಾರೋ ಬೇಡ ಅಂದದ್ದಕ್ಕೆ ತಮಗೆ ಒಳಗೊಳಗೇ ಅವಮಾನವಾಗಿದೆ ಅಂತ ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತಂತೆ.

“ಅವಳಿಗೆ ಬೇಡ ಅನ್ನೋಕೆ ಬರಲ್ಲ,” ಅಂದರು ಮದರ್. “ಮೂರು ಸಲ ಮಾತಾಡಿಸಿದೆ. ಬೇಕಂತಲೇ ತಪ್ಪು ತಪ್ಪು ಹೇಳಿದೆ. ಎಲ್ಲದಕ್ಕೂ ಹೂಂ. ಇಲ್ಲಿ ಮೂಗಿಗೆ ಬಣ್ಣ ಬಳ್ಕೋಬೇಕು ಅಂದಿದ್ರೂ ಹೂಂ ಅಂತಿದ್ಲೇನೋ. ಅಲ್ಲ ಮೇಷ್ಟ್ರೇ, ನಿಮ್ಮ ಮಗಳು ಯಾವತ್ತಾದ್ರೂ ನಿಮಗೆ ಎದುರಾಡಿದ್ದಾಳಾ?”

“ನಮ್ಮ ಮನೆಯಲ್ಲಿ ಎದುರಾಡೋಕೆ ಪೂರ್ತಿ ಸ್ವಾತಂತ್ರ್ಯ ಇದೆ.”

“ನಾನು ಅದನ್ನ ಕೇಳಲಿಲ್ಲ. ಆಡಿದ್ದಾಳಾ?”

ಮೇಷ್ಟ್ರು ಯೋಚಿಸಿದರು. ಏನೂ ನೆನಪಾಗಲಿಲ್ಲ.

“ಸಿಟ್ಟಲ್ಲಿ ಬಾಗಿಲು ದಢಾರ್ ಅಂತ ಹಾಕಿದ್ದು?”

“ಇಲ್ಲ.”

“ಹದಿನಾರನೇ ವಯಸ್ಸಲ್ಲೂ?”

“ಇಲ್ಲ.”

“ಹಾಗಾದ್ರೆ ನಾವಿಬ್ಬರೂ ಯೋಚನೆ ಮಾಡಬೇಕಾದ ವಿಷಯ,” ಅಂದರು ಮದರ್. “ಬೇಡ ಅನ್ನೋಕೆ ಬಾರದವರ ಹೂಂ ತೊಗೊಂಡು ನಾನೇನು ಮಾಡಲಿ? ದೇವರು ತಾನೇ ಏನು ಮಾಡ್ತಾನೆ? ಅವನು ಮನುಷ್ಯನಿಗೆ ಎಲ್ಲಕ್ಕಿಂತ ಮೊದಲು ಕೊಟ್ಟಿದ್ದೇ ತನಗೇ ‘ಬೇಡ’ ಅನ್ನೋ ಶಕ್ತಿ. ಮನುಷ್ಯ ಅದನ್ನ ಅವನ ಮೇಲೇ ಉಪಯೋಗಿಸಿದ. ಹಾಗಿದ್ರೂ ಅವನು ಅದನ್ನ ವಾಪಸ್ ಕಿತ್ಕೊಳ್ಳಲಿಲ್ಲ. ನಾನು ಈ ಧರ್ಮದಲ್ಲಿ ಇರೋದೇ ಆ ಒಂದು ಮರ್ಯಾದೆಗೆ.”

ಈ ಮಾತು ಮೇಷ್ಟ್ರಿಗೆ ಹಿಡಿಸಿತು. ಹಿಡಿಸಿದ್ದನ್ನು ತೋರಿಸಿಕೊಳ್ಳದೆ, “ಅಷ್ಟು ಮರ್ಯಾದೆ ಇದ್ದರೆ ನಿಮ್ಮ ವ್ರತಗಳು ಯಾಕೆ? ಜೀವನಪೂರ್ತಿ ಅಂತ ಮಾತು ತೊಗೊಳ್ಳೋದು ಯಾಕೆ? ಸ್ವತಂತ್ರನಾಗಿರೋದು ಅಂದ್ರೆ ನಾಳೆ ಮನಸ್ಸು ಬದಲಾಯಿಸೋಕೆ ಜಾಗ ಇರಬೇಕು,” ಅಂದರು.

“ಮದುವೆ ಆಗಿದ್ದೀರಲ್ಲ?”

“ಆಗಿದ್ದೀನಿ.”

“ಅವತ್ತು ಹೆಂಡತಿಗೆ ಏನಂದ್ರಿ? ಮುಂದಿನ ವರ್ಷದ ತನಕ ನೋಡೋಣ ಅಂದ್ರಾ?”

ಮೇಷ್ಟ್ರು ನಕ್ಕುಬಿಟ್ಟರು. ಆ ಮಧ್ಯಾಹ್ನ ಅವರು ಹೊರಡುವ ಹೊತ್ತಿಗೆ ಮದರ್ ಅವರಿಗೆ ಒಂದು ಕೆಲಸ ಹಚ್ಚಿದ್ದರು. ಹೂಂಗುಟ್ಟಿ ಒಂದು ವರ್ಷ ಮನೆಯಲ್ಲೇ ಇರಬೇಕು. ಆ ವರ್ಷ ಪೂರ್ತಿ ಮೇಷ್ಟ್ರು ತಮ್ಮ ಹತ್ತಿರ ಇರುವ ಅತ್ಯುತ್ತಮ ವಾದಗಳನ್ನೆಲ್ಲ ಮಗಳ ಮುಂದೆ ಇಡಬೇಕು. ಒಂದನ್ನೂ ಉಳಿಸಿಕೊಳ್ಳಬಾರದು. ಅದಾದ ಮೇಲೂ ಅವಳಿಗೆ ಬೇಕು ಅನ್ನಿಸಿದರೆ ಮತ್ತೆ ಬಂದು ಕೇಳಲಿ.

“ನಾನು ಗೆದ್ದರೆ?” ಅಂತ ಕೇಳಿದರು ಮೇಷ್ಟ್ರು.

“ನಿಮ್ಮ ಮಗಳು ನಿಮಗೇ. ಈಗಿರೋದಕ್ಕಿಂತ ಗಟ್ಟಿ ಮಗಳು.”

“ನಿಮಗೆ ಬೇಜಾರಾಗಲ್ವಾ?”

“ಆಗತ್ತೆ. ಇಲ್ಲಿ ಕೈ ಕೆಲಸ ಬಲ್ಲವರು ಕಮ್ಮಿ,” ಅಂದರು ಮದರ್, ಎದ್ದು ನಿಲ್ಲುತ್ತಾ.

ಹೀಗೆ ಶುರುವಾಯಿತು ಆ ವರ್ಷ. ಕೆಲಸದಿಂದ ಬಂದು, ಕೈಯ ಬಿಳಿ ಪುಡಿ ತೊಳೆದುಕೊಂಡು, ಹೂಂಗುಟ್ಟಿ ಅಡಿಗೆಮನೆಯ ಮೇಜಿಗೆ ಬಂದು ಕೂರುವಳು. ಎದುರಿಗೆ ಮೇಷ್ಟ್ರು. ಒಲೆಯ ಹತ್ತಿರ ಅಮ್ಮ. ಮೊದಲ ಕೆಲವು ವಾರ ಅದು ವಾದವೇ ಆಗಿರಲಿಲ್ಲ. ಮೇಷ್ಟ್ರು ಹೇಳುವರು, ಮಗಳು ಹೂಂ ಅನ್ನುವಳು. ಬೇಸತ್ತು ಮೇಷ್ಟ್ರೇ ಅವಳ ಪಕ್ಷವನ್ನೂ ವಾದಿಸತೊಡಗಿದರು. ಒಂದು ಸಂಜೆ ಮಠದ ಪರವಾಗಿ ಎಷ್ಟು ಚೆನ್ನಾಗಿ ಮಾತಾಡಿದರೆಂದರೆ ಹೆಂಡತಿ ಸೌಟು ಕೆಳಗಿಟ್ಟು, “ರೀ, ನೀವೇ ಸೇರ್ಕೊಳ್ಳೋ ಹಾಗಿದೆ,” ಅಂದರು.

ಆಕೆಯೇ ಒಂದು ದಿನ ಮಗಳಿಲ್ಲದಾಗ ಗಂಡನಿಗೆ ಇನ್ನೊಂದು ಮಾತನ್ನೂ ಹೇಳಿದರು. “ನಿಮಗೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವಳು ಹೂಂ ಅಂದಾಗ ನಿಮ್ಮ ಮುಖ ಅರಳೋದು. ಮಗು ಅದನ್ನ ನೋಡ್ತಾ ಬೆಳೀತು.” ಅವತ್ತು ಮೇಷ್ಟ್ರು ಕಾಲೇಜಿನಲ್ಲಿ ಮಧ್ಯಾಹ್ನದ ಊಟದ ಡಬ್ಬಿಯನ್ನೂ ತೆರೆಯಲಿಲ್ಲ. ಕಾರಣ ಕೇಳಿದ್ದಕ್ಕೆ, “ಪಾಠ ಮಾಡೋದು ಸುಲಭ ಕಣಯ್ಯ,” ಅಂದರು, ಅಷ್ಟೇ.

ಅವಳ ಮೊದಲ ‘ಬೇಡ’ ಬಂದಿದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಬೇರೆ ಊರಿನಲ್ಲಿ ಕೃತಕ ಅಂಗಗಳ ಸಂಶೋಧನೆ ಮಾಡುವ ದೊಡ್ಡ ಸಂಸ್ಥೆಯೊಂದಿತ್ತು. ಮೇಷ್ಟ್ರ ಗೆಳೆಯರೊಬ್ಬರು ಅಲ್ಲಿ ಇದ್ದರು. ಅವರಿಗೆ ಹೇಳಿ ಮಗಳಿಗೆ ಅಲ್ಲಿ ಜಾಗ ಗೊತ್ತು ಮಾಡಿದರು ಮೇಷ್ಟ್ರು. ಒಳ್ಳೆಯ ಜಾಗ, ಅವಳ ಜೊತೆಯವರು ಕನಸು ಕಾಣುವಂಥದ್ದು. ಸಂಜೆ ಮೇಜಿನ ಹತ್ತಿರ ಸಡಗರದಿಂದ ಸುದ್ದಿ ಹೇಳಿದರು.

ಹೂಂಗುಟ್ಟಿ ನೀರಿನ ಲೋಟ ಹಿಡಿದಿದ್ದಳು. ಕುಡಿಯದೆ ಅದನ್ನು ಮೇಜಿನ ಮೇಲಿಟ್ಟಳು. “ಬೇಡಪ್ಪ,” ಅಂದಳು.

“ಏನಂದೆ?”

“ಬೇಡ ಅಂದೆ. ನನ್ನನ್ನ ಕೇಳದೆ ಯಾಕೆ ಗೊತ್ತು ಮಾಡಿದ್ರಿ?”

ಮೇಷ್ಟ್ರಿಗೆ ಎಲ್ಲಿಲ್ಲದ ಕೋಪ ಬಂತು. ಕೃತಜ್ಞತೆ ಇಲ್ಲದವಳು ಅಂದರು, ಯಾರ ಋಣದಿಂದ ಈ ವಿದ್ಯೆ ಬಂತು ಅಂದರು, ಇನ್ನೂ ಏನೇನೋ ಅಂದರು. ಮಗಳು ಅಳುತ್ತಲೇ ಕೇಳಿಸಿಕೊಂಡಳು, ಆದರೆ ಹೂಂ ಅನ್ನಲಿಲ್ಲ. ಎದ್ದು ಹೋಗಿ ತನ್ನ ಕೋಣೆಯ ಬಾಗಿಲನ್ನು ಎಷ್ಟು ಜೋರಾಗಿ ಹಾಕಿಕೊಂಡಳೆಂದರೆ ಗೋಡೆಯ ಗಡಿಯಾರ ಓರೆಯಾಯಿತು. ಮೇಷ್ಟ್ರು ಮೇಜಿನ ಹತ್ತಿರವೇ ನಿಂತಿದ್ದರು. ಆಮೇಲೆ ನಿಧಾನವಾಗಿ ಕೂತು, “ಬಾಗಿಲು ಹಾಕಿದಳು ಕಣೇ,” ಅಂತ ಹೆಂಡತಿಗೆ ಹೇಳಿದರು. ಆ ದನಿಯಲ್ಲಿ ಕೋಪ ಎಷ್ಟಿತ್ತು, ಖುಷಿ ಎಷ್ಟಿತ್ತು ಅಂತ ತಮಗೆ ಇವತ್ತಿಗೂ ಗೊತ್ತಾಗಿಲ್ಲ ಅನ್ನುತ್ತಾರೆ ಆಕೆ.

ಅಲ್ಲಿಂದ ಮುಂದೆ ತೂಬು ತೆಗೆದ ಹಾಗಾಯಿತು. ಅಪ್ಪ ಊಟದ ಹೊತ್ತಿಗೆ ತಾವು ಬರೆದ ಪ್ರಬಂಧಗಳನ್ನು ಗಟ್ಟಿಯಾಗಿ ಓದುವುದು ತನಗೆ ಚಿಕ್ಕಂದಿನಿಂದಲೂ ಇಷ್ಟವಿಲ್ಲ ಅಂದಳು. ಅಮ್ಮ ಆರಿಸುವ ಬಟ್ಟೆಗಳೆಲ್ಲ ಪರದೆಯ ಹಾಗಿರುತ್ತವೆ ಅಂದಳು. ಇಷ್ಟು ವರ್ಷ ಅಕ್ಕರೆಯಿಂದ ಕರೆದ ಸೋದರಮಾವನಿಗೆ ಫೋನ್ ಮಾಡಿ, ಇನ್ನು ಮೇಲೆ ಆ ಹೆಸರಿಂದ ಕರೆಯಬೇಡ ಅಂದಳು. ಅವನು ಗಾಬರಿಯಾಗಿ, “ಹೂಂ,” ಅಂದನಂತೆ. ಮನೆಯಲ್ಲಿ ಕೆಲವು ವಾರ ನೆಮ್ಮದಿಯೇ ಇರಲಿಲ್ಲ. ಆದರೆ ನಾನು ಹೋದಾಗಲೆಲ್ಲ ಗಮನಿಸಿದೆ, ಮೂವರೂ ಮೊದಲಿಗಿಂತ ಜಾಸ್ತಿ ಮಾತಾಡುತ್ತಿದ್ದರು, ಜಾಸ್ತಿ ನಗುತ್ತಿದ್ದರು.

ಆಗ ನಿಜವಾದ ವಾದ ಶುರುವಾಯಿತು. ಮೇಷ್ಟ್ರು ಜೀವಮಾನವೆಲ್ಲ ಓದಿದ್ದನ್ನು ತಂದು ಮೇಜಿನ ಮೇಲೆ ಸುರಿದರು. ಮಗಳು ಪುಸ್ತಕದ ಭಾಷೆ ಬಳಸುತ್ತಿರಲಿಲ್ಲ, ಆದರೆ ಎಲ್ಲಿ ಹಿಡಿಯಬೇಕೋ ಅಲ್ಲಿ ಹಿಡಿಯುತ್ತಿದ್ದಳು. “ನೀವು ಸ್ವಾತಂತ್ರ್ಯ ಅಂದ್ರೆ ಎಲ್ಲಾ ಬಾಗಿಲನ್ನೂ ತೆರೆದಿಟ್ಕೊಳ್ಳೋದು ಅಂತೀರಿ. ಯಾವುದರೊಳಗೂ ಹೋಗದಿದ್ರೆ ತೆರೆದಿಟ್ಟು ಏನು ಬಂತು?” ಅನ್ನುವಳು. ಮೇಷ್ಟ್ರು, “ಒಳಗೆ ಹೋಗು, ಆದ್ರೆ ಹೊರಗೆ ಬರೋ ದಾರಿ ಇಟ್ಕೋ,” ಅನ್ನುವರು. ಒಂದು ಶನಿವಾರ ಅವರು ಮಗಳ ಕಾರ್ಯಾಗಾರಕ್ಕೆ ಹೋದಾಗ ಅವಳು ಒಂದು ಕೃತಕ ಮೊಣಕಾಲನ್ನು ಕೈಯಲ್ಲಿ ಹಿಡಿದು ತೋರಿಸಿದಳು. “ನೋಡಿ, ಇದು ಎಲ್ಲಾ ಹೊತ್ತಲ್ಲೂ ಮಡಚೋ ಹಾಗಿದ್ರೆ ಮನುಷ್ಯ ಬೀಳ್ತಾನೆ. ಭಾರ ಬಿದ್ದಾಗ ಇದು ಬಿಗಿಯಾಗಬೇಕು. ಬಿಗಿಯಾಗೋದರಿಂದಲೇ ನಡಿಗೆ.”

“ಉಪಮೆ ವಾದ ಅಲ್ಲ,” ಅಂದರು ಮೇಷ್ಟ್ರು.

“ಗೊತ್ತು. ನಿಮ್ಮ ಮುಖ ಹೇಗಾಗತ್ತೆ ಅಂತ ನೋಡೋಕೆ ಹೇಳಿದೆ.”

ಆ ದಿನ ಅಲ್ಲಿ ಕಂಬಿಗಳ ನಡುವೆ ನಡೆಯುವ ಅಭ್ಯಾಸ ಮಾಡುತ್ತಿದ್ದವನು ಒಬ್ಬ ಛಾವಣಿ ಕೆಲಸದವನು. ಮಾಡಿನಿಂದ ಬಿದ್ದು ಒಂದು ಕಾಲು ಹೋಗಿತ್ತು. ಸಿಡುಕ. ಬೇರೆ ಯಾರ ಕೈಗೂ ಮೋಟು ಮುಟ್ಟಗೊಡುತ್ತಿರಲಿಲ್ಲ. ಮೇಷ್ಟ್ರ ಮಗಳಿಗೆ ಮಾತ್ರ, ಅದೂ ಬೈಯುತ್ತಲೇ. “ಮತ್ತೆ ಛಾವಣಿ ಹತ್ತೋ ತನಕ ನಿನ್ನ ಬಿಡಲ್ಲ ತಾಯಿ,” ಅನ್ನುತ್ತಿದ್ದ. “ಹತ್ತಿಸ್ತೀನಿ,” ಅಂತ ಅವಳು ಮಾತು ಕೊಟ್ಟಿದ್ದಳು.

ಅದೇ ದಿನ ವಾಪಸ್ ನಡೆದು ಬರುವಾಗ ಮೇಷ್ಟ್ರು ವಾದವನ್ನೆಲ್ಲ ಬದಿಗಿಟ್ಟು, ತಾವು ಇಷ್ಟು ದಿನ ಕೇಳಲು ಮರೆತಿದ್ದ ಪ್ರಶ್ನೆ ಕೇಳಿದರು. “ಅಲ್ಲಿ ನಿಂಗೆ ಏನು ಸಿಗತ್ತೆ ಮಗಳೇ?”

“ನಂಗೆ ಚಿಕ್ಕಂದಿನಿಂದ ಎಲ್ಲರ ಮುಖ ನೋಡಿ, ಅವರಿಗೆ ಏನು ಬೇಕು ಅಂತ ಗೊತ್ತು ಮಾಡ್ಕೊಂಡು ಮಾತಾಡೋ ಅಭ್ಯಾಸ. ಆ ಮಠದ ಮೌನದಲ್ಲಿ ಮೊದಲನೇ ಸಲ ಕೂತಾಗ ನೋಡೋಕೆ ಯಾವ ಮುಖವೂ ಇರಲಿಲ್ಲ. ಯಾರೋ ಇದ್ದಾರೆ, ಆದ್ರೆ ಅವಸರ ಮಾಡ್ತಿಲ್ಲ, ನಾನು ಏನು ಹೇಳ್ತೀನೋ ಅದಕ್ಕೆ ಕಾಯ್ತಿದ್ದಾರೆ ಅನ್ನಿಸ್ತು. ಏನು ಹೇಳಿದ್ರೂ ಕೇಳಿಸ್ಕೋತಾರೆ ಅನ್ನಿಸ್ತು. ಹಾಗೆ ನನಗೆ ಯಾರೂ ಕಾದಿರಲಿಲ್ಲ.”

ಮೇಷ್ಟ್ರು ಆಮೇಲೆ ನನಗೆ ಹೇಳಿದ್ದು: “ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದಿದ್ದಾಗಲೂ ಮಾತಾಡೋದು ನನ್ನ ಚಟ. ಅವತ್ತು ಮಾತಾಡಲಿಲ್ಲ.”

ವರ್ಷ ತುಂಬುತ್ತಾ ಬಂತು. ಮಠದಲ್ಲಿ ಹೊಸಬರನ್ನು ಸೇರಿಸಿಕೊಳ್ಳಲು ಒಂದು ದಿನ ಗೊತ್ತಿತ್ತು, ಅದು ತಪ್ಪಿದರೆ ಮತ್ತೆ ಮುಂದಿನ ವರ್ಷ. ಅದನ್ನು ಮಾತಾಡಲು ಮದರ್ ಕರೆದಾಗ ಅಪ್ಪ ಮಗಳು ಒಟ್ಟಿಗೆ ಹೋದರು. ಅದೇ ಮುಂಗೋಣೆ, ಗೋಡೆಯಾಚೆ ಒಗೆಯುವ ಯಂತ್ರಗಳ ಗುಡುಗುಡು.

“ಮನಸ್ಸು ಬದಲಾಯ್ತಾ?” ಅಂತ ಕೇಳಿದರು ಮದರ್.

“ಇಲ್ಲ.”

“ಹಾಗಾದ್ರೆ ಆ ದಿನ ಬಾ.”

“ಆ ದಿನ ಆಗಲ್ಲ ಮದರ್,” ಅಂದಳು ಅವಳು. “ಛಾವಣಿ ಕೆಲಸದವರದ್ದು ಮೋಟು ಮತ್ತೆ ಸೊರಗಿ ಸಣ್ಣ ಆಗಿದೆ. ಹಳೇ ಗೂಡು ಸಡಿಲ ಆಗಿದೆ, ಹೊಸದು ಕಟ್ಟಬೇಕು. ಅವರು ಅದರ ಮೇಲೆ ನಿಂತು ಏಣಿ ಹತ್ತೋ ತನಕ ನಾನು ಅಲ್ಲಿರ್ತೀನಿ.”

“ಬೇರೆಯವರು ಕಟ್ಟಬಹುದಲ್ಲ?”

“ಕಟ್ಟಬಹುದು. ಆದ್ರೆ ಮಾತು ಕೊಟ್ಟಿದ್ದು ನಾನು.”

“ಇಲ್ಲಿಗೆ ನೀನು ಬರ್ತಿರೋದು ವಿಧೇಯತೆ ಕಲಿಯೋಕೆ.”

“ಕಲಿಯೋಕೆ ಬರ್ತೀನಿ. ಆ ದಿನ ಮಾತ್ರ ಬರಲ್ಲ. ಮುಂದಿನ ವರ್ಷದ ತನಕ ಕಾಯಿ ಅಂದ್ರೆ ಕಾಯ್ತೀನಿ.”

ಅವಳ ದನಿ ಏರಲಿಲ್ಲ. ಮೇಷ್ಟ್ರಿಗೆ ಒಂದು ಕ್ಷಣ ಎದೆ ಉಬ್ಬಿತು. ಮದರ್‌ಗೇ ಎದುರಾಡಿದಳು, ಇನ್ನು ಇವರು ಸೇರಿಸಿಕೊಳ್ಳುವುದಿಲ್ಲ, ಗೆದ್ದೆ ಅಂದುಕೊಂಡರು. ಮದರ್ ಮುಖ ಬಿಗಿದು ಕೂತಿದ್ದರು. ಹಾಗೆಯೇ ಮೇಷ್ಟ್ರ ಕಡೆ ತಿರುಗಿ, “ನಿಮ್ಮ ಕೆಲಸ ಮುಗೀತು ಮೇಷ್ಟ್ರೇ. ಚೆನ್ನಾಗಿ ಮಾಡಿದ್ದೀರಿ,” ಅಂದರು.

ಆ ಮಾತಿಗೆ ಮೇಷ್ಟ್ರಿಗೆ ಎಲ್ಲ ಅರ್ಥವಾಯಿತು. ಮಗಳು ಹೋಗುತ್ತಾಳೆ. ಇನ್ನು ಯಾವ ವಾದವೂ ಉಳಿದಿಲ್ಲ. ಕೊನೆಗೆ, “ಇದು ನೀವು ಇಟ್ಟ ಪರೀಕ್ಷೆನಾ?” ಅಂತ ಕೇಳಿದರು.

“ಪರೀಕ್ಷೆ ಎಲ್ಲಿಂದ ಬಂತು? ನಂಗೆ ನಿಜವಾಗ್ಲೂ ಸಿಟ್ಟು ಬಂದಿದೆ,” ಅಂದರು ಮದರ್. “ದಿನ ಬದಲಾಯಿಸೋಕೆ ಒಳಗಿನ ಎಲ್ಲರನ್ನೂ ಒಪ್ಪಿಸಬೇಕು. ಇವಳಿಂದ ನನಗೆ ಕೆಲಸ.”

ಸಿಸ್ಟರ್‌ಗಳು ಒಪ್ಪಿದರು. ಛಾವಣಿ ಕೆಲಸದವನು ಹೊಸ ಗೂಡು ಹಾಕಿಕೊಂಡು, ಮೊದಲು ನೆಲದ ಮೇಲೆ, ಆಮೇಲೆ ಕಾರ್ಯಾಗಾರದ ಹಿಂದಿನ ಏಣಿಯ ಮೇಲೆ ಅಭ್ಯಾಸ ಮಾಡಿದ. ಕೊನೆಗೆ ಒಂದು ಬೆಳಿಗ್ಗೆ ಅಲ್ಲಿಯ ತಗ್ಗಿನ ಛಾವಣಿ ಹತ್ತಿ, ಅಲ್ಲಿ ಕೂತು, ಕಿತ್ತುಹೋಗಿದ್ದ ಒಂದು ತಗಡಿಗೆ ಮೊಳೆ ಹೊಡೆದು ಇಳಿದ. ಇಳಿದವನು ಅವಳಿಗೆ ಧನ್ಯವಾದ ಹೇಳಲಿಲ್ಲ. ಛಾವಣಿಯ ಕೆಲಸ ಮಾಡಿದವರು ಯಾರೋ ಮೂರ್ಖರು ಅಂತ ಬೈದುಕೊಂಡು ಹೋದ.

ಅವಳು ಮಠಕ್ಕೆ ಸೇರಿದ ದಿನ ನಾನೂ ಹೋಗಿದ್ದೆ. ಪ್ರಾರ್ಥನಾಮಂದಿರ ಚಿಕ್ಕದು, ಸುಣ್ಣ ಹೊಡೆದ ಗೋಡೆ, ಮರದ ಬೆಂಚುಗಳು. ಸೋದರಮಾವನೂ ಬಂದಿದ್ದ. ಮದರ್ ಎಲ್ಲರ ಮುಂದೆ ಅವಳನ್ನು, ನಿನ್ನ ಸ್ವಂತ ಇಚ್ಛೆಯಿಂದ ಬಂದಿದ್ದೀಯಾ ಅಂತ ಕೇಳಿದರು. “ಹೌದು, ನನ್ನ ಇಚ್ಛೆಯಿಂದ,” ಅಂದಳು. ಆಮೇಲೆ ಮದರ್ ನಮ್ಮ ಕಡೆ ತಿರುಗಿದರು. ಆ ಮಠದಲ್ಲಿ ಬಂಧುಗಳನ್ನೂ ಕೇಳುವ ಕ್ರಮವಿತ್ತು. “ಇವಳ ಮೇಲೆ ಯಾರದ್ದಾದರೂ ಒತ್ತಾಯ ಇದ್ದದ್ದು ನಿಮಗೆ ಗೊತ್ತಿದ್ದರೆ ಈಗ ಹೇಳಿ.”

ಅಮ್ಮ ಇಲ್ಲ ಅಂತ ತಲೆಯಾಡಿಸಿದರು. ಮೇಷ್ಟ್ರು ಎದ್ದು ನಿಂತರು. ಮುಂದಿನ ಬೆಂಚಿನ ಹಿಂಬದಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

“ಒತ್ತಾಯ ಇತ್ತು,” ಅಂದರು. “ಹೋಗಬೇಡ ಅಂತ ನಾನು ವರ್ಷವೆಲ್ಲ ಒತ್ತಾಯ ಮಾಡಿದ್ದೀನಿ. ನನ್ನ ಹತ್ತಿರ ಇದ್ದ ಒಂದು ವಾದವನ್ನೂ ಉಳಿಸಿಕೊಳ್ಳಲಿಲ್ಲ. ಅವಳು ಕೇಳಿಸಿಕೊಂಡಳು, ಆದರೆ ಒಪ್ಪಲಿಲ್ಲ. ಇಷ್ಟು ಸ್ವತಂತ್ರವಾಗಿ ಯಾರಾದರೂ ಏನನ್ನಾದರೂ ಮಾಡಿದ್ದನ್ನ ನಾನು ಪುಸ್ತಕದ ಹೊರಗೆ ನೋಡಿರಲಿಲ್ಲ. ಅಷ್ಟನ್ನ ಸಾಕ್ಷಿ ಹೇಳಬಲ್ಲೆ.”

ಸಿಸ್ಟರ್‌ಗಳ ಸಾಲಿನಲ್ಲಿ ಯಾರೋ ನಕ್ಕರು, ಯಾರೋ ಮೂಗು ಒರೆಸಿಕೊಂಡರು. ಮಗಳು ಅಪ್ಪನನ್ನೇ ನೋಡುತ್ತಿದ್ದಳು. ಮದರ್, “ಬರೆದುಕೊಳ್ಳಬೇಕಾದ ಸಾಕ್ಷಿ. ಕೂತ್ಕೊಳ್ಳಿ ಮೇಷ್ಟ್ರೇ,” ಅಂದರು.

ಹೀಗೆ ಅವಳು ಒಳಗೆ ಹೋದಳು. ಮೇಷ್ಟ್ರಿಗೆ ಮೊದಲ ತಿಂಗಳುಗಳು ಕಷ್ಟವಾದವು. ಮೇಜಿನ ಹತ್ತಿರ ಎದುರು ಕೂರುವವರಿಲ್ಲದೆ ನನ್ನನ್ನು ಹಿಡಿದು ವಾದಕ್ಕೆ ಎಳೆಯುತ್ತಿದ್ದರು. ನಾನು ಎರಡನೇ ಮಾತಿಗೇ ಸೋಲುತ್ತಿದ್ದರಿಂದ ಅವರಿಗೆ ರುಚಿಸುತ್ತಿರಲಿಲ್ಲ. ಕೊನೆಗೆ ಮದರ್ ಹತ್ತಿರವೇ ಕೇಳಿ ಒಂದು ಏರ್ಪಾಡು ಮಾಡಿಕೊಂಡರು. ವರ್ಷಕ್ಕೊಮ್ಮೆ ತಮ್ಮ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಆ ಮುಂಗೋಣೆಗೆ ಕರೆದುಕೊಂಡು ಹೋಗುವರು. ಅಲ್ಲಿ ಮೇಷ್ಟ್ರೂ ಮದರೂ ವಿದ್ಯಾರ್ಥಿಗಳ ಮುಂದೆ ಜಗಳವಾಡುವರು. ನಮ್ಮ ಕಾಲೇಜಿನಲ್ಲಿ ಅಷ್ಟು ತುಂಬಿದ ತರಗತಿ ಬೇರೆ ಇರಲಿಲ್ಲ. ಒಮ್ಮೆ ಒಬ್ಬ ವಿದ್ಯಾರ್ಥಿನಿ, “ಮದರ್, ನೀವು ಇಲ್ಲಿಗೆ ಬಂದದ್ದು ತಪ್ಪಾಯ್ತು ಅಂತ ಯಾವತ್ತಾದ್ರೂ ಅನ್ನಿಸಿದೆಯಾ?” ಅಂತ ಕೇಳಿದಳು. “ಬೆಳಿಗ್ಗೆ ಎಬ್ಬಿಸೋ ಗಂಟೆ ಹೊಡೆದಾಗ ದಿನಾ ಅನ್ಸತ್ತೆ,” ಅಂದರು ಮದರ್. “ಆಮೇಲೆ ಎದ್ದೇಳ್ತೀನಿ. ಆ ಎದ್ದೇಳೋದನ್ನ ನಾನು ಪ್ರತಿ ದಿನ ಹೊಸದಾಗಿ ಆರಿಸ್ಕೋಬೇಕು. ನಿಮ್ಮ ಮೇಷ್ಟ್ರು ಇದನ್ನ ಒಪ್ಪಲ್ಲ, ಒಂದು ಸಲ ವ್ರತ ತೊಗೊಂಡ್ರೆ ಮುಗೀತು ಅಂತಾರೆ.” ಮೇಷ್ಟ್ರು, “ಈಗ ಒಪ್ಪಿದೆ,” ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಜೀವನಪೂರ್ತಿಯ ಕೊನೆಯ ವ್ರತಕ್ಕೆ ಎಷ್ಟೋ ವರ್ಷ ಕಾಯಬೇಕು. ಅಲ್ಲಿಯವರೆಗೆ ಯಾವಾಗ ಬೇಕಾದರೂ ಹೊರಡಬಹುದು. ಆ ನಡುವೆ ಮಗಳು ಒಗೆಯುವ ಕೋಣೆಯನ್ನೇ ಬದಲಾಯಿಸಿದಳಂತೆ. ಬಗ್ಗಿ ಬಗ್ಗಿ ಸೊಂಟ ಹೋಗಿದ್ದ ವಯಸ್ಸಾದ ಸಿಸ್ಟರ್‌ಗಳಿಗಾಗಿ ಮೇಜುಗಳನ್ನು ಎತ್ತರಿಸಿ, ಕೂತು ಇಸ್ತ್ರಿ ಮಾಡುವ ಹಾಗೆ ಮಾಡಿದಳು. ಅದಕ್ಕಾಗಿ ಮದರ್ ಜೊತೆ ವಾರಗಟ್ಟಲೆ ಹಗ್ಗಜಗ್ಗಾಟವಾಯಿತು. ಭೇಟಿಯ ದಿನ ಅದನ್ನೆಲ್ಲ ಮೇಷ್ಟ್ರಿಗೆ ಹೇಳಿ ನಗುವಳು. ಅವಳ ಮುಖದಲ್ಲಿ ಎದುರಿನವರಿಗೆ ಏನು ಬೇಕು ಅಂತ ಹುಡುಕುವ ಆ ಹಳೆಯ ನೋಟ ಹೋಗಿತ್ತು. ಮಾತಾಡುವಾಗ ನೆಟ್ಟಗೆ ನೋಡುತ್ತಿದ್ದಳು.

ಕಳೆದ ತಿಂಗಳು ಅವಳು ಕೊನೆಯ ವ್ರತ ತೆಗೆದುಕೊಂಡಳು. ಮೇಷ್ಟ್ರು ಮೊದಲ ಸಾಲಿನಲ್ಲೇ ಇದ್ದರು. ಎಲ್ಲರೂ ಮಂಡಿಯೂರಿದಾಗ ತಾವು ಕೂತೇ ಇದ್ದರು, ಕಣ್ಣು ಮಾತ್ರ ಮಗಳ ಮೇಲಿಂದ ಕದಲಲಿಲ್ಲ. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ನಿಂತಾಗ ನಾನು ಧೈರ್ಯ ಮಾಡಿ, “ಈಗಾದ್ರೂ ಸ್ವಲ್ಪ ನಂಬಿಕೆ ಬಂತಾ ಸರ್?” ಅಂತ ಕೇಳಿದೆ.

“ಅವಳ ದೇವರ ವಿಷಯ ನನಗೆ ಇವತ್ತಿಗೂ ಗೊತ್ತಿಲ್ಲ ಕಣಯ್ಯ,” ಅಂದರು. “ಅವಳು ವ್ರತದ ಮಾತು ಹೇಳ್ತಾ ಇದ್ದಾಗ ಯಾರೋ ಕೇಳಿಸ್ಕೋತಿದ್ದಾರೆ ಅಂತ ನನಗೂ ಅನ್ನಿಸ್ತು. ಅದು ನಾನೇ ಇರಬಹುದು.”

ಅಷ್ಟರಲ್ಲಿ ಬಸ್ ಬಂತು. ಅವರ ಹೆಂಡತಿ ಮುಂದೆ ಹತ್ತಿ, ಕಿಟಕಿಯ ಪಕ್ಕದ ಜಾಗ ಹಿಡಿದು, ಬೇಗ ಬನ್ನಿ ಅಂತ ನಮ್ಮಿಬ್ಬರನ್ನೂ ಕರೆದರು.